ಅತ್ತೆ ಕಂಡ ಕೆಂಪು ಮರ

ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದವಳಿಗೆ ಮೊದಲ ವರ್ಷವೇ ಒಂದು ಪಾಠವಾಗುತ್ತದೆ. ಜನವರಿಯಿಂದ ಮಾರ್ಚ್ ಮುಗಿಯುವ ತನಕ ತವರಿನ ಮಾತೆತ್ತಬಾರದು. ರೋಬಸ್ಟಾ ಕೊಯ್ಲು ಅದೇ ಹೊತ್ತಿಗೆ, ಕಣದಲ್ಲಿ ಒಣಗಿಸುವುದು ಅದೇ ಹೊತ್ತಿಗೆ, ಕೆರೆಯಿಂದ ಪೈಪೆಳೆದು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುವುದೂ ಅದೇ ಹೊತ್ತಿಗೆ. ಇಷ್ಟರ ನಡುವೆ ಆಕಾಶ ನೋಡುವ ಕೆಲಸ ಬೇರೆ. ಹೂಮಳೆ ಬಂತೋ, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಬಾರದಿದ್ದರೆ ಮನೆಯ ಗಂಡಸರ ಮುಖ ಸುಟ್ಟ ಬದನೆಕಾಯಿ. ನಮ್ಮ ಕುಟ್ಟದ ವಸಂತಕ್ಕೆ ಡೀಸೆಲ್ ಪಂಪಿನ ಸದ್ದಿದೆ. ಕೋಗಿಲೆ ಕೂಗಿದರೂ ಕೇಳಿಸುವುದಿಲ್ಲ.

ಕುಟ್ಟ ಎಲ್ಲಿದೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಕೊಡಗು ಮುಗಿಯುವಲ್ಲಿ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಬ್ರಹ್ಮಗಿರಿ, ಮುಂದೆ ನಾಲ್ಕು ಹೆಜ್ಜೆ ಇಟ್ಟರೆ ತೋಲ್ಪೆಟ್ಟಿ, ಅಂದರೆ ಕೇರಳ. ಮೈಸೂರಿನ ಅಗ್ರಹಾರದ ಬೀದಿಯಲ್ಲಿ ಬೆಳೆದ ನಾನು 1981ರಲ್ಲಿ ಇಲ್ಲಿಗೆ ಬಂದೆ. ನಮ್ಮತ್ತೆ ಬಂದಿದ್ದು 1956ರಲ್ಲಿ. "ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನಾನೂ ಈ ಮನೆಗೆ ಸೇರಿದ್ದು. ಇಬ್ಬರನ್ನೂ ಯಾರೂ ಕೇಳಲಿಲ್ಲ" ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ನನಗೆ ಆ ವಾಕ್ಯವನ್ನು ಪಠ್ಯಪುಸ್ತಕದಲ್ಲಿ ಸೇರಿಸಬೇಕೆನಿಸುತ್ತಿತ್ತು.

ಅತ್ತೆಯ ತವರು ನೀಲಗಿರಿಯ ನಡುವಟ್ಟಂ ಕಡೆ. ಅವರ ತಂದೆ ಅಲ್ಲೊಂದು ಟೀ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ತವರು ಎಂದರೆ ಎಸ್ಟೇಟ್ ಕೊಟ್ಟ ಮನೆ. ತಂದೆಯ ಕೆಲಸ ಮುಗಿದ ಮೇಲೆ ಮನೆಯೂ ಇಲ್ಲ, ತವರೂ ಇಲ್ಲ. ಆದರೆ ಅಲ್ಲಿಂದ ಅವರು ಒಂದು ಮರವನ್ನು ತಲೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಮನೆಯ ಹಿಂದಿನ ಗುಡ್ಡದ ಹುಲ್ಲಿನಲ್ಲಿ ಡೊಂಕು ಡೊಂಕಾಗಿ ನಿಂತ ಒಂದು ಮರ. ಚಳಿ ಬಿಡುವ ಹೊತ್ತಿಗೆ ಮರದ ತುಂಬ ಕೆಂಪು ಹೂ. ಗಂಟೆಯಾಕಾರದ ಹೂಗಳು ಹತ್ತು ಹದಿನೈದು ಸೇರಿ ಒಂದೊಂದು ಚೆಂಡು. ಹೂ ಕಿತ್ತು ಬುಡ ಚೀಪಿದರೆ ಸಿಹಿ. "ಎಲೆ ಮೇಲೆ ಹಸಿರು, ಹಿಂದೆ ಕಂಬಳಿ" ಎನ್ನುವುದು ಅವರ ಮಾತಿನ ಕೊನೆಯ ಸಾಲು. ಯಾವತ್ತೂ ಹೀಗೇ ಮುಗಿಸುತ್ತಿದ್ದರು.

ನಮಗೆ ಇದು ತಮಾಷೆ. ಮಾವ "ಅದು ಮುತ್ತುಗ ಇರಬೇಕು" ಎನ್ನುತ್ತಿದ್ದರು. ಮೈದುನ ಗುಲ್‌ಮೊಹರ್ ಎಂದ. ನಾನೂ ಮುತ್ತುಗದ ಪಕ್ಷವೇ. ಅದೂ ಫೆಬ್ರವರಿ, ಮಾರ್ಚಿಯಲ್ಲೇ ಕೆಂಪಗೆ ಉರಿಯುವ ಮರ ತಾನೆ? ಮುತ್ತುಗ ಹೂ ಬಿಡುವಾಗ ಬೋಳಾಗಿರುತ್ತದೆ, ಇವರು ಹೇಳುವ ಮರದಲ್ಲಿ ಎಲೆಯಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದಕ್ಕಿಂತ, ಎಂಟು ವರ್ಷದ ಹುಡುಗಿ ಕಂಡದ್ದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ.

ನಾವು ಊಟಿಗೆ ಹೋಗಿಲ್ಲವೆಂದಲ್ಲ. ಐದು ಸಲ ಹೋಗಿದ್ದೇವೆ. ಐದೂ ಸಲ ಮೇ ತಿಂಗಳಲ್ಲಿ. ನನಗೆ ಶಾಲೆಗೆ ರಜೆ, ತೋಟದಲ್ಲಿ ಕೆಲಸ ಕಡಿಮೆ, ಮಳೆಗಾಲಕ್ಕೆ ಇನ್ನೂ ಸಮಯವಿದೆ, ಜೊತೆಗೆ ಅಲ್ಲಿ ಸಸ್ಯೋದ್ಯಾನದ ಫಲಪುಷ್ಪ ಪ್ರದರ್ಶನ. ಡೇಲಿಯಾ, ಪೆಟೂನಿಯಾ, ಸಾಲ್ವಿಯಾ, ಹೂವಿನಲ್ಲೇ ಕಟ್ಟಿದ ರೈಲು, ಹೂವಿನಲ್ಲೇ ಕಟ್ಟಿದ ಕೋಟೆ. ಮಕ್ಕಳು ಕುಣಿಯುತ್ತಿದ್ದವು. ಅತ್ತೆ ಮಾತ್ರ ಹೂಕುಂಡಗಳನ್ನು ಬಿಟ್ಟು ಮೇಲೆ ನೋಡಿಕೊಂಡು ನಡೆಯುತ್ತಿದ್ದರು. ಮೂರನೆಯ ಸಲವೋ ನಾಲ್ಕನೆಯ ಸಲವೋ, ಕಾಲು ನೋಯುತ್ತಿದ್ದ ಸಿಟ್ಟಿಗೆ ನಾನು ಹೇಳಿಬಿಟ್ಟೆ: "ಅತ್ತೆ, ಇಷ್ಟು ದೊಡ್ಡ ತೋಟದಲ್ಲಿ ಇಲ್ಲದ ಮರ ನೀಲಗಿರಿಯಲ್ಲೇ ಇರಲಾರದು. ಚಿಕ್ಕವರಿದ್ದಿರಿ, ಕನಸು ಕಂಡಿರಬೇಕು." ಅವರು ಏನೂ ಅನ್ನಲಿಲ್ಲ. ಆಮೇಲೆ ಆ ಮರದ ಸುದ್ದಿಯನ್ನೇ ಎತ್ತಲಿಲ್ಲ. ಗೆದ್ದೆನೆಂದುಕೊಂಡೆ.

ಇದಾಗಿ ಎಷ್ಟೋ ವರ್ಷಗಳ ಮೇಲೆ, ನಾನು ನಿವೃತ್ತಳಾದ ನಂತರ, ಊರಿನ ಹೆಂಗಸರ ಸಭೆಯೊಂದರಲ್ಲಿ ಮಹಿಳಾ ದಿನಕ್ಕೆ ನಾಲ್ಕು ಮಾತಾಡಲು ಕರೆದರು. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ ಎಲ್ಲರಿಗೂ ಬಾಯಿಪಾಠ. ಬೇರೆ ಯಾರಾದರೂ ಇರಲಿ ಎಂದು ಹುಡುಕಿದಾಗ ಸಿಕ್ಕವರು ಜಾನಕಿ ಅಮ್ಮಾಳ್. ಹುಟ್ಟಿದ್ದು 1897ರಲ್ಲಿ, ತಲಶೇರಿಯಲ್ಲಿ. ನಮಗೆ ತಲಶೇರಿ ದೂರವಲ್ಲ. ಹಿಂದೆ ಕೊಡಗಿನ ಕಾಫಿ ಹಡಗು ಹತ್ತುತ್ತಿದ್ದ ಬಂದರು ಅದು. ಅಲ್ಲಿಯ ಈ ಹೆಣ್ಣುಮಗಳು ಮದುವೆಯಾಗದೆ ಸಸ್ಯಶಾಸ್ತ್ರ ಓದಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1931ರಲ್ಲಿ ಡಾಕ್ಟರೇಟ್ ಪಡೆದು ಬಂದರು. ಕೊಯಮತ್ತೂರಿನಲ್ಲಿ ಕಬ್ಬಿನ ಮೇಲೆ ಕೆಲಸ ಮಾಡಿದರು. 1945ರಲ್ಲಿ ಡಾರ್ಲಿಂಗ್ಟನ್ ಎಂಬ ವಿಜ್ಞಾನಿಯ ಜೊತೆ ಸೇರಿ, ಮನುಷ್ಯರು ಬೆಳೆಸುವ ಗಿಡಗಳ ಕ್ರೋಮೋಸೋಮುಗಳ ದೊಡ್ಡ ಗ್ರಂಥವನ್ನೇ ಹೊರತಂದರು. ಆಮೇಲೆ ಇಂಗ್ಲೆಂಡಿನ ವಿಸ್ಲಿ ಎಂಬಲ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಸೀರೆಯುಟ್ಟ ಈ ಹೆಂಗಸು ಸೂಕ್ಷ್ಮದರ್ಶಕದ ಮುಂದೆ ಕೂತು ರೋಡೋಡೆಂಡ್ರಾನ್ ಗಿಡಗಳ ಕ್ರೋಮೋಸೋಮುಗಳನ್ನು ಎಣಿಸಿದರು. ಆ ಎಣಿಕೆ ಅಚ್ಚಾದದ್ದು 1950ರಲ್ಲಿ. ಒಂದು ಮ್ಯಾಗ್ನೋಲಿಯಾಕ್ಕೆ ಅವರ ಹೆಸರೇ ಇದೆ.

ಭಾಷಣಕ್ಕೆ ಇಷ್ಟು ಸಾಕಿತ್ತು. ಆದರೆ ಮೇಷ್ಟರ ಜಾತಿ ನೋಡಿ, ಗೊತ್ತಿಲ್ಲದ ಪದ ಹೇಳುವಂತಿಲ್ಲ. ಈ ರೋಡೋಡೆಂಡ್ರಾನ್ ಎಂದರೇನು ಎಂದು ಯಾರಾದರೂ ಕೇಳಿದರೆ? ಗ್ರೀಕಿನಲ್ಲಿ ಅದರ ಅರ್ಥ ಗುಲಾಬಿ ಮರ ಎಂದು ತಿಳಿಯಿತು. ಪುಟ ತಿರುಗಿಸಿದೆ. ಚಿತ್ರದಲ್ಲಿ ಗಂಟೆಯಾಕಾರದ ಕೆಂಪು ಹೂಗಳ ಚೆಂಡು. ಪಕ್ಕದಲ್ಲಿ ಬೆನ್ನು ಮೇಲಾಗಿ ತಿರುಗಿಸಿಟ್ಟ ಒಂದು ಎಲೆ. ಆ ಬೆನ್ನಿನ ತುಂಬ ತುಕ್ಕು ಬಣ್ಣದ ಒತ್ತಾದ ರೋಮ. ಕಂಬಳಿ! ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅತ್ತೆ ಒಳಗೆ ಅವರೆಕಾಳು ಬಿಡಿಸುತ್ತಿದ್ದರು. ಹೋಗಿ ತೋರಿಸುವ ಧೈರ್ಯ ಅವತ್ತು ಬರಲಿಲ್ಲ.

ತೋರಿಸುವ ಮೊದಲು ಇನ್ನಷ್ಟು ಓದಿದೆ. ಪರೀಕ್ಷೆಗೆ ಹೆದರಿದವರ ಹಾಗೆ.

ಜಗತ್ತಿನಲ್ಲಿ ಈ ಕುಲದ ಗಿಡಗಳು ಸುಮಾರು ಸಾವಿರ ಬಗೆ. ನಮ್ಮ ದೇಶದಲ್ಲಿ ಎಂಬತ್ತಕ್ಕೂ ಹೆಚ್ಚು. ಹೆಚ್ಚುಕಡಿಮೆ ಎಲ್ಲವೂ ಹಿಮಾಲಯದ ಮಕ್ಕಳು. ನೇಪಾಳದ ರಾಷ್ಟ್ರಪುಷ್ಪ ಇದೇ, ಅಲ್ಲಿ ಲಾಲಿಗುರಾಸ್ ಎನ್ನುತ್ತಾರೆ. ಉತ್ತರಾಖಂಡದವರಿಗೆ ಇದು ಬುರಾಂಶ್, ಅವರ ರಾಜ್ಯವೃಕ್ಷ. ಹೂವಿನ ಶರಬತ್ತು ಮಾಡಿ ಬಾಟಲಿಯಲ್ಲಿ ಮಾರುತ್ತಾರೆ. ಜೋಸೆಫ್ ಹೂಕರ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಸಿಕ್ಕಿಮಿನ ಬೆಟ್ಟಗಳನ್ನು ಹತ್ತಿ ಬೀಜ ಆಯುವ ಭರದಲ್ಲಿ 1849ರಲ್ಲಿ ಅಲ್ಲಿಯ ದಿವಾನನ ಸೆರೆಯಲ್ಲೂ ಇದ್ದು ಬಂದ. ಆ ಬೀಜಗಳು ಹಡಗಿನಲ್ಲಿ ಹೋಗಿ ಮೊಳೆತ ಮೇಲೆ ಇಂಗ್ಲೆಂಡಿನ ಸಿರಿವಂತರಿಗೆ ಈ ಹೂವಿನ ಹುಚ್ಚೇ ಹಿಡಿಯಿತು. ಈಗಲೂ ಅಲ್ಲಿಯ ಸಾರ್ವಜನಿಕ ತೋಟಗಳಲ್ಲಿ ವಸಂತ ಬಂತೆಂದರೆ ರೋಡೋಡೆಂಡ್ರಾನ್ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಇನ್ನು ದಕ್ಷಿಣ ಭಾರತಕ್ಕೆ ಬಂದರೆ ಇರುವುದು ಒಂದೇ ಒಂದು ಬಗೆ. ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ಎತ್ತರದಲ್ಲಿ, ಶೋಲಾ ಕಾಡಿನ ಅಂಚಿಗೆ, ಹುಲ್ಲಿನ ಬಯಲಿಗೆ. ನಡುವೆ ಸಾವಿರಾರು ಕಿಲೋಮೀಟರ್ ಇದರ ಸುಳಿವಿಲ್ಲ. ಹಿಂದೆ ಹವೆ ಈಗಿಗಿಂತ ತಣ್ಣಗಿದ್ದ ಕಾಲದಲ್ಲಿ ಹಬ್ಬಿ, ಸೆಕೆ ಏರಿದಾಗ ಬೆಟ್ಟದ ತುದಿಗಳಿಗೆ ಸರಿದು ಉಳಿದುಕೊಂಡಿತೆಂದು ತಿಳಿದವರು ವಿವರಿಸುತ್ತಾರೆ. ತವರು ಅಷ್ಟು ದೂರ, ಹೋಗಿಬರುವ ದಾರಿಯೂ ಮುಚ್ಚಿದೆ. ಹುಲ್ಲಿಗೆ ಬೆಂಕಿ ಬಿದ್ದರೂ ತೊಗಟೆ ದಪ್ಪವಾದ್ದರಿಂದ ಮರ ಉಳಿಯುತ್ತದೆ. ಜರ್ಮನಿಯ ಶ್ಮಿಡ್ ಎಂಬ ಪಾದ್ರಿ ನೀಲಗಿರಿಯಿಂದ ಒಣಗಿಸಿ ಕಳಿಸಿದ ಗಿಡಗಳನ್ನು ನೋಡಿ ಯೇನಾದ ಪ್ರೊಫೆಸರ್ ಝೆಂಕರ್ 1830ರ ದಶಕದಲ್ಲಿ ಇದಕ್ಕೆ ನೀಲಗಿರಿಯ ಹೆಸರನ್ನೇ ಇಟ್ಟ. ಮಲೆಯಾಳದಲ್ಲಿ ಇದಕ್ಕೆ ಕಾಟ್ಟುಪೂವರಶು ಎನ್ನುತ್ತಾರೆ. ನಮ್ಮಲ್ಲಿ ಹೂವರಸಿ ಎನ್ನುವ ಮರವೇ ಬೇರೆ, ಹಳದಿ ಹೂವಿನದು. ಆದರೂ ಕಾಡು ಹೂವರಸಿ ಎಂದು ಕನ್ನಡಿಸಿ ಹೇಳಿಕೊಂಡರೆ ಬಾಯಿಗೆ ಹಿತವಾಗುತ್ತದೆ. ಹೂ ಬಿಡುವುದು ಡಿಸೆಂಬರಿನಿಂದ ಮಾರ್ಚಿಯ ತನಕ.

ಅಂದರೆ, ನಮ್ಮ ಕೊಯ್ಲಿನ ಕಾಲ. ಅಂದರೆ, ಮೇ ತಿಂಗಳಲ್ಲಿ ಹೋದವರಿಗೆ ಬರೀ ಹಸಿರು ಮರ. ಐದು ಸಲವೂ ನಾವು ಅದರ ಕೆಳಗೇ ಹಾದು ಹೋಗಿದ್ದೆವೇನೋ!

ಹಾಗಾದರೆ ಊಟಿಯ ಹೂವಿನ ಹಬ್ಬ ಮೇ ತಿಂಗಳಲ್ಲೇ ಏಕೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ ಮೇಲೆ, ಬಿಸಿಲು ತಾಳದ ಬಿಳಿಯರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ಬಂಗಲೆ ಕಟ್ಟಿದರು. ತೋದರ ಎಮ್ಮೆ ಮೇಯುತ್ತಿದ್ದ, ಬಡಗರು ಸಾಮೆ ರಾಗಿ ಬೆಳೆಯುತ್ತಿದ್ದ ಬೆಟ್ಟ ಅದು. ಅಲ್ಲಿಯ ಅತಿ ಎತ್ತರದ ಶಿಖರ ದೊಡ್ಡಬೆಟ್ಟ, 2637 ಮೀಟರ್. ಹೆಸರು ಓದಿದರೆ ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ. 1845ರಲ್ಲಿ ಬಿಳಿಯರು ತಲಾ ತಿಂಗಳಿಗೆ 3 ರೂಪಾಯಿ ಚಂದಾ ಹಾಕಿ ಒಂದು ತೋಟ ಮಾಡಿದರು. ಯಾವುದಕ್ಕೆ ಅಂತೀರಿ? ಅಗ್ಗದ ದರಕ್ಕೆ ಕೋಸು, ಗಜ್ಜರಿ ಸಿಗಲೆಂದು! ಊಟಿಯ ವಿಶ್ವವಿಖ್ಯಾತ ಸಸ್ಯೋದ್ಯಾನದ ಬೇರು ಹಿಡಿದು ಹೋದರೆ ಸಿಗುವುದು ತರಕಾರಿ ಮಡಿ. ಅಡುಗೆಮನೆಯ ಚಿಂತೆಯಿಂದ ಚರಿತ್ರೆ ಹುಟ್ಟುತ್ತದೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಸುಳ್ಳಲ್ಲ.

ಚಂದಾ ತೋಟ ನಡೆಯಲಿಲ್ಲ. ಆಗ ಮದರಾಸಿನ ಗವರ್ನರ್ ಆಗಿದ್ದ ಟ್ವೀಡ್‌ಡೇಲ್ ಪ್ರಭುವಿನ ಕಾಲದಲ್ಲಿ ಸರಕಾರ ಕೈಹಾಕಿತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕೈವರ್ 1848ರಲ್ಲಿ ಬಂದ. ಜೌಗು ಮತ್ತು ಕಡಿದಾದ ಇಳಿಜಾರನ್ನು ಹತ್ತು ವರ್ಷ ತಿದ್ದಿ ತೀಡಿ ಉದ್ಯಾನ ಮಾಡಿದ. ದಕ್ಷಿಣ ಅಮೆರಿಕದ ಸಿಂಕೋನಾ ಗಿಡ ತರಿಸಿ ಮಲೇರಿಯಾಕ್ಕೆ ಕ್ವಿನೈನ್ ಬೆಳೆಸಲು ಹೊರಟವನೂ ಅವನೇ. ಅಷ್ಟರಲ್ಲಿ ಮದರಾಸು ಸರಕಾರ ಬೇಸಗೆ ಬಂತೆಂದರೆ ಕಡತ ಕಟ್ಟಿಕೊಂಡು ಊಟಿಗೆ ಬಂದು ಕೂರತೊಡಗಿತು. 1870ರ ಹೊತ್ತಿಗೆ ಅದು ಅಧಿಕೃತವೇ ಆಯಿತು. ಗವರ್ನರನ ಅರಮನೆ ಎದ್ದದ್ದು ಇದೇ ಉದ್ಯಾನದ ಮೇಲ್ತುದಿಗೆ. ನಮ್ಮ ಮೈಸೂರು ಅರಸರೂ ಫರ್ನ್‌ಹಿಲ್ಲಿನಲ್ಲಿ ಮನೆ ಮಾಡಿದರು. ಸಾಹೇಬರು, ದೊರೆಸಾನಿಯರು, ಅರಸರು ಎಲ್ಲ ನೆರೆಯುವ ಕಾಲ ಮೇ ತಿಂಗಳು. 1896ರಲ್ಲಿ ಫಲಪುಷ್ಪ ಪ್ರದರ್ಶನ ಶುರುವಾದಾಗ ತಾರೀಖು ಗೊತ್ತು ಮಾಡಿದ್ದು ಹೂವನ್ನು ನೋಡಿಯಲ್ಲ, ನೋಡುವವರನ್ನು ನೋಡಿ. ನೋಡುವವರಿಗೆ ಬೇಕಾದ ಹೊತ್ತಿಗೆ ಅರಳುವಂತೆ ಲೆಕ್ಕ ಹಾಕಿ ಬೀಜ ಬಿತ್ತಿ ಕುಂಡದಲ್ಲಿ ಬೆಳೆಸಿದರು. ಕಾಡುಮರ ಕುಂಡದಲ್ಲಿ ಕೂರುವುದಿಲ್ಲ, ಲೆಕ್ಕವನ್ನೂ ಕೇಳುವುದಿಲ್ಲ. ದೊರೆಗಳು ಹೋದರು, ತಾರೀಖು ಉಳಿಯಿತು.

ನಮ್ಮ ಲಾಲ್‌ಬಾಗನ್ನೇ ನೋಡಿ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನಮನೆಯಲ್ಲಿ ವರ್ಷಕ್ಕೆರಡು ಪ್ರದರ್ಶನ, ಒಂದು ಗಣರಾಜ್ಯೋತ್ಸವಕ್ಕೆ, ಒಂದು ಸ್ವಾತಂತ್ರ್ಯ ದಿನಕ್ಕೆ. ಅದು ದೇಶದ ಪಂಚಾಂಗ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಅದೇ ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್‌ಗೆ ಬೇರೊಂದು ಯೋಚನೆಯಿತ್ತು. ಬೆಂಗಳೂರಿನ ಬೀದಿಗಳಲ್ಲಿ ಒಂದು ಸಾಲು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಬೀದಿಯ ಸಾಲು ಅರಳಬೇಕು, ವರ್ಷವಿಡೀ ಊರಿನ ಎಲ್ಲೋ ಒಂದು ಕಡೆ ಹೂವಿರಬೇಕು. ಚೀಟಿ ಇಲ್ಲ, ತಾರೀಖಿಲ್ಲ. ಸೊಪ್ಪು ತರಲು ಹೊರಟ ಹೆಂಗಸಿಗೂ ಅದು ದಕ್ಕುತ್ತದೆ. ನಮ್ಮ ಕೊಡಗಿನಲ್ಲೂ ಹಾಗೊಂದಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ತುದಿಗೆ ಸಿಕ್ಕಿಸುವ ತೋಕ್ ಪೂ, ನಾವು ಅಗ್ನಿಶಿಖೆ ಎನ್ನುವ ಹೂ, ಆ ಹೊತ್ತಿಗೆ ಸರಿಯಾಗಿ ಬೇಲಿಯಲ್ಲಿ ತಾನೇ ಅರಳಿರುತ್ತದೆ.

ಅತ್ತೆಗೆ ಚಿತ್ರ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಬಣ್ಣ ಸ್ವಲ್ಪ ಕಡಿಮೆಯಾಯಿತು" ಎಂದರು, ಅಷ್ಟೆ. ಆದರೆ ಹೋಗುವುದು ಹೇಗೆ? ಫೆಬ್ರವರಿಯಲ್ಲಿ ತೋಟ ಬಿಡುವುದುಂಟೇ? ಎರಡು ವರ್ಷ ಹಾಗೇ ಕಳೆಯಿತು. ಅತ್ತೆಗೆ ಎಂಬತ್ತಾಯಿತು.

ಆ ವರ್ಷ ಜನವರಿಯ ಕೊನೆಯಲ್ಲಿ, ಕೊಯ್ಲು ಅರ್ಧವೂ ಆಗಿರದಾಗ, ಯಾರೂ ಕರೆಯದ ಮಳೆ ಬಂತು. ಒಂದು ಇಂಚು ಹತ್ತು ಸೆಂಟು. ಈಚಿನ ವರ್ಷಗಳಲ್ಲಿ ಇದು ಆಗಾಗ ಆಗುತ್ತಿದೆ. ಕಣದಲ್ಲಿ ಹರವಿದ ಕಾಫಿ ನೆನೆಯಿತು. ಅದಕ್ಕಿಂತ ದೊಡ್ಡ ಕೇಡು ಒಂದು ವಾರದ ನಂತರ ಕಾಣಿಸಿತು: ಹಣ್ಣು ತುಂಬಿದ ಗಿಡದಲ್ಲೇ ಹೂ. ಈ ವರ್ಷದ ಹಣ್ಣು ಕೊಯ್ಯಲು ಕೈಹಾಕಿದರೆ ಬರುವ ವರ್ಷದ ಹೂ ಉದುರುತ್ತದೆ. ಹೂ ಬಾಡಿ ಕಾಯಿ ಕಚ್ಚುವ ತನಕ ಕೈಕಟ್ಟಿ ಕೂರಬೇಕು. ಯಜಮಾನರು ಜಗಲಿಯಲ್ಲಿ ಕೂತು ನಷ್ಟದ ಲೆಕ್ಕ ಹಾಕುತ್ತಿದ್ದರು. ಅತ್ತೆ ಒಳಗಿನಿಂದ ಬಂದು, "ಹತ್ತು ದಿನ ಕೆಲಸವಿಲ್ಲ ತಾನೆ? ಜೀಪು ಕೊಡು. ನಾನು, ಇವಳು ಊಟಿಗೆ ಹೋಗಿ ಬರುತ್ತೇವೆ" ಎಂದರು. ನಲವತ್ತು ವರ್ಷದಲ್ಲಿ ಅವರು ಮಗನ ಹತ್ತಿರ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾನಂದವಾಡಿ, ಸುಲ್ತಾನ್ ಬತ್ತೇರಿ, ಗೂಡಲೂರು. ಅಲ್ಲಿಂದ ಏರುದಾರಿ. ನಡುವಟ್ಟಂನಲ್ಲಿ ಜೀಪು ನಿಲ್ಲಿಸಿದೆವು. ಎಸ್ಟೇಟಿನ ಹಳೆಯ ಮನೆ ಇರಲಿಲ್ಲ. ಹಿಂದಿನ ಗುಡ್ಡ ಇತ್ತು. ಅದರ ಮೇಲೆ ಅರ್ಧ ಟೀ, ಅರ್ಧ ನೀಲಗಿರಿ ಮರ. ಹೆಸರಿಗೆ ನೀಲಗಿರಿ, ಬಂದದ್ದು ಆಸ್ಟ್ರೇಲಿಯಾದಿಂದ. ಸೌದೆಗೆಂದು, ಮರಮುಟ್ಟಿಗೆಂದು ನೂರೈವತ್ತು ವರ್ಷ ನೆಟ್ಟು ನೆಟ್ಟು ಬೆಟ್ಟದ ಹುಲ್ಲುಗಾವಲೇ ಮುಗಿಯುತ್ತ ಬಂದಿದೆ. ಅತ್ತೆ ರಸ್ತೆಯ ಕಟ್ಟೆ ಹಿಡಿದು ನಿಂತು ಗುಡ್ಡವನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ "ನಡಿ, ಚಳಿ" ಎಂದು ಜೀಪಿನಲ್ಲಿ ಕೂತರು. ಊಟಿಯವರೆಗೂ ಮಾತಿಲ್ಲ. ಇಷ್ಟು ದೂರ ಕರೆದುಕೊಂಡು ಬಂದು ಇದ್ದ ನೆನಪನ್ನೂ ಕೆಡಿಸಿದೆನೇ ಎಂದು ನನಗೆ ಕಸಿವಿಸಿ.

ಸಸ್ಯೋದ್ಯಾನದಲ್ಲಿ ಜನವೇ ಇರಲಿಲ್ಲ. ಮೇ ತಿಂಗಳಲ್ಲಿ ಕಾಲಿಡಲು ಜಾಗವಿಲ್ಲದ ದಾರಿಯಲ್ಲಿ ಎರಡು ಶಾಲಾಮಕ್ಕಳ ಸಾಲು, ನಾಲ್ಕು ಪ್ರವಾಸಿಗಳು. ಹೂಮಡಿಗಳು ಬರೀ ಮಣ್ಣು. ಒಂದು ಕಡೆ ಹೆಂಗಸರು ಸಾಲಾಗಿ ಕೂತು ಮೇ ತಿಂಗಳ ಪ್ರದರ್ಶನಕ್ಕೆ ಸಣ್ಣ ಸಣ್ಣ ಕುಂಡಗಳಿಗೆ ಮಣ್ಣು ತುಂಬುತ್ತಿದ್ದರು. ನಾನು ಮೇಲಿನ ದಾರಿ ತೋರಿಸಿ, "ಅತ್ತೆ, ಹತ್ತುವುದಕ್ಕಾಗುತ್ತದಾ?" ಎಂದು ಕೇಳುತ್ತಿದ್ದೆ. ಅವರು ನನ್ನ ಕೈ ಬಿಟ್ಟು ಆಗಲೇ ಹತ್ತು ಹೆಜ್ಜೆ ಮುಂದಿದ್ದರು.

ತಿರುವಿನಲ್ಲಿ ಮರ ನಿಂತಿತ್ತು. ಡೊಂಕು ಕಾಂಡ, ಒರಟು ತೊಗಟೆ, ಕಡು ಹಸಿರು ಎಲೆ, ಎಲೆಗಿಂತ ಹೆಚ್ಚು ಹೂ. ಆ ಕೆಂಪನ್ನು ಚಿತ್ರ ನೋಡಿ ಊಹಿಸಲಾಗುವುದಿಲ್ಲ. ಅತ್ತೆ ಹೇಳಿದ್ದೇ ಸರಿ, ಪುಸ್ತಕದಲ್ಲಿ ಬಣ್ಣ ಕಡಿಮೆಯಾಗಿತ್ತು. ಬುಡದಲ್ಲೆಲ್ಲ ಉದುರಿದ ಗಂಟೆಗಳು. ಒಂದು ಸಣ್ಣ ಹಕ್ಕಿ ಹೂವಿಂದ ಹೂವಿಗೆ ಕೊಕ್ಕು ತೂರಿಸುತ್ತಿತ್ತು. ಅತ್ತೆ ಬಗ್ಗಿ ಒಂದು ಹೂ ಎತ್ತಿಕೊಂಡರು. ಬುಡ ಚೀಪಲು ಹೋದವರನ್ನು ನಾನು ತಡೆದೆ. ಈ ಜಾತಿಯ ಕೆಲವು ಹೂಗಳ ಜೇನು ತಿಂದು ಹಿಂದೆ ಕಪ್ಪು ಸಮುದ್ರದ ದಡದಲ್ಲಿ ಗ್ರೀಕ್ ಸೈನಿಕರ ದಂಡೇ ತಲೆತಿರುಗಿ ಬಿದ್ದಿತ್ತು ಎಂದು ಶುರುಮಾಡಿದೆ. "ನಿನ್ನ ಸೈನಿಕರಿಗೆ ಎಂಟು ವರ್ಷ ಆಗಿರಲಿಲ್ಲ" ಎಂದು ಅವರು ಚೀಪಿಯೇ ಬಿಟ್ಟರು. ಏನೂ ಆಗಲಿಲ್ಲ.

ಆಮೇಲೆ ಉದುರಿದ ಒಂದು ಎಲೆ ಹೆಕ್ಕಿ, ತಿರುಗಿಸಿ, ನನ್ನ ಅಂಗೈ ಮೇಲಿಟ್ಟರು. ಕಂದು ಬಣ್ಣದ ಮೆತ್ತನೆಯ ಬೆನ್ನು. ನಾನು ಹೆಬ್ಬೆರಳಿನಿಂದ ಸವರಿದೆ. "ಅತ್ತೆ, ಅವತ್ತು ನಾನು ಕನಸು ಅಂದುಬಿಟ್ಟಿದ್ದೆ..." ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಕುಂಡಕ್ಕೆ ಮಣ್ಣು ತುಂಬುತ್ತಿದ್ದ ಹೆಂಗಸರ ಕಡೆ ನೋಡುತ್ತ, "ಪಾಪ, ತಲೆಯೆತ್ತಿ ನೋಡಲು ಇವರಿಗಾದರೂ ಪುರಸೊತ್ತೆಲ್ಲಿ" ಎಂದರು.

ಮರುದಿನ ಮನೆಗೆ ಬಂದಾಗ ಕಾಫಿ ಹೂ ಬಾಡಿ ಕಂದಾಗಿತ್ತು. ಕೊಯ್ಲಿಗೆ ಆಳುಗಳನ್ನು ಹೇಳಿಯಾಗಿತ್ತು. ನಮ್ಮ ಮನೆಯಲ್ಲಿ ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ಒಂದು ಪುಸ್ತಕವಿದೆ. ಮಾವನ ಕಾಲದಿಂದ ಬಂದದ್ದು, ಹೆಂಗಸರು ಯಾರೂ ಅದರಲ್ಲಿ ಬರೆದವರಲ್ಲ. ರಾತ್ರಿ ಊಟವಾದ ಮೇಲೆ ಅತ್ತೆ ಅದನ್ನು ತರಿಸಿ, ಫೆಬ್ರವರಿಯ ಪುಟದ ನಡುವೆ ಎಲೆಯನ್ನಿಟ್ಟು, ನನ್ನ ಕೈಗೆ ಪೆನ್ನು ಕೊಟ್ಟರು. ಮಳೆಯ ಕಾಲಮಿನಲ್ಲಿ ಸೊನ್ನೆ ಇತ್ತು. ಅದರ ಪಕ್ಕದಲ್ಲಿ ಅವರು ಹೇಳಿದಂತೆ ಬರೆದೆ: ಊಟಿ. ಕೆಂಪು ಮರ. ಹೂ ಬಿಟ್ಟಿದೆ.